ಕಿವುಡು ಕ್ಯಾಮೆರಾ ಮತ್ತು ರೊಟ್ಟಿ ಅವ್ವ

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದೆನೆಂದರೆ, ಸತ್ತು ಮೂರು ತಿಂಗಳಾದರೂ ಎದ್ದು ಬಂದು ನನ್ನ ಸ್ಟುಡಿಯೋದ ಬಾಗಿಲಲ್ಲಿ ನಿಂತು, "ಯಾಕ ಬರದಿ? ಇದರಾಗ ನಿನಗೇನ ಬರತೈತಿ?" ಎಂದು ಕೇಳಿಯಾಳು ಎಂಬ ಹೆದರಿಕೆ ನನಗೆ. ಊರವರೆಲ್ಲ ರೊಟ್ಟಿ ಅವ್ವ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ಗುಡಗೇರಿಯ ಸಂತೆ ಬಯಲಿನ ಬಾಜುವಿಗೆ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಸೀಮಂತ, ತೊಟ್ಟಿಲು, ಪಾಸ್‌ಪೋರ್ಟ್ ಸೈಜು, ಎಲ್ಲ ಮಾಡುತ್ತೇನೆ. ಈ ದಂಧೆಯಲ್ಲಿದ್ದವನು ಸಂಶಯದ ಪ್ರಾಣಿಯಾಗದೆ ಉಳಿಯುವುದಿಲ್ಲ. ಮುಂಗಡ ಕೊಡುವಾಗ ನಕ್ಕವನು ಆಲ್ಬಂ ಒಯ್ಯುವಾಗ ನಗುವುದಿಲ್ಲ. ಅಣ್ಣ ತಮ್ಮ ಹೆಗಲ ಮೇಲೆ ಕೈ ಹಾಕಿ ನಿಂತ ಫೋಟೋ ತೆಗೆದ ಮರುವಾರ ಅದೇ ಅಣ್ಣ ತಮ್ಮ ಕೋರ್ಟಿಗೆ ಬೇರೆ ಬೇರೆ ಪಾಸ್‌ಪೋರ್ಟ್ ಫೋಟೋ ತೆಗೆಸಲು ಬರುತ್ತಾರೆ. ಹಾಗಾಗಿ ಊರಲ್ಲಿ ನನ್ನಷ್ಟು ಸಂಶಯಗಾರ ಇನ್ನೊಬ್ಬನಿಲ್ಲ ಎಂದುಕೊಂಡಿದ್ದೆ. ಅವ್ವನ ಪರಿಚಯವಾದ ಮೇಲೆ ಆ ಜಂಬ ಇಳಿಯಿತು.

ಪರಿಚಯವಾದದ್ದೇ ಜಗಳದಿಂದ. ರೇಶನ್ ಕಾರ್ಡಿಗೆ ಫೋಟೋ ಬೇಕೆಂದು ಬಂದಿದ್ದಳು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕುಪ್ಪಸದ ತೋಳು ಮೊಣಕೈ ದಾಟಿತ್ತು, ಎಡಗೆನ್ನೆಯ ಮೇಲೆ ಜೋಳದ ಕಾಳಿನಷ್ಟು ದಪ್ಪದ ಮಚ್ಚೆ. ತೆಗೆದೆ. ನನ್ನ ಕಂಪ್ಯೂಟರಿಗೆ ಮುಖ ನುಣುಪು ಮಾಡುವ ಚಟ ಇದೆ. ಊರಿನ ಎಲ್ಲ ಮದುಮಕ್ಕಳೂ ಅದಕ್ಕಾಗಿಯೇ ನನ್ನಲ್ಲಿಗೆ ಬರುತ್ತಾರೆ. ಅವ್ವ ಫೋಟೋ ಒಯ್ದು, ಅರ್ಧ ತಾಸಿಗೆ ತಿರುಗಿ ಬಂದಳು.

"ಇದ್ಯಾರಪಾ?"

"ನೀವ ಅವ್ವಾರ."

"ನನ್ನ ಮಚ್ಚಿ ಎಲ್ಲೆ ಹೋತು?"

ನಾನು ನಕ್ಕೆ. ನಗಬಾರದಿತ್ತು. "ಚಂದ ಕಾಣಲೆಂತ ತಗದೀನ್ರಿ" ಎಂದೆ.

"ತಗದೀನಿ ಅಂದ್ರ? ಯಾರನ್ನ ಕೇಳಿ ತಗದಿ? ನಾಳಿ ರೇಶನ್ ಅಂಗಡ್ಯಾಂವ ಈಕಿ ಆ ಮುದುಕಿ ಅಲ್ಲ ಅಂತ ಅಕ್ಕಿ ಕೊಡಲಿಲ್ಲಂದ್ರ ನೀ ಕೊಡ್ತಿ? ಇಂಥಾದು ಇನ್ನೇನೇನ ತಗದಿ ಖರೇ ಹೇಳು."

ಇನ್ನೇನೂ ತೆಗೆದಿಲ್ಲ ಎಂದು ನಾನು ಗುರುವಿನ ಆಣೆ ಹಾಕಬೇಕಾಯಿತು. ಮಚ್ಚೆ ಮರಳಿ ಇಟ್ಟು ಹೊಸ ಫೋಟೋ ತೆಗೆದುಕೊಟ್ಟೆ. ಆಕೆ ಅದನ್ನು ಬೆಳಕಿಗೆ ಹಿಡಿದು, ಕೆನ್ನೆಯ ಮೇಲೆ ಬೆರಳಿಟ್ಟು ಮಚ್ಚೆ ಇರುವ ಜಾಗ ಸರಿಯಾಗಿದೆಯೋ ಇಲ್ಲವೋ ನೋಡಿಕೊಂಡು ಹೋದಳು.

ಅಂದಿನಿಂದ ಆಕೆಯ ಮಟ್ಟಿಗೆ ನಾನು "ಮಚ್ಚಿ ಕಳ್ಳ". ಸಂತೆಯಲ್ಲಿ ಎದುರಾದರೆ, "ಏನಲೇ ಮಚ್ಚಿ ಕಳ್ಳ, ಇವತ್ತ ಯಾರದೇನ ಹೊಡದಿ?" ಎಂದು ಎಲ್ಲರೆದುರಿಗೇ ಕೇಳುವಳು. ಸಿಟ್ಟು ಬರುತ್ತಿತ್ತು. ಆದರೆ ಆಕೆ ಯಾರನ್ನೂ ಬಿಡುತ್ತಿರಲಿಲ್ಲ ಎಂಬುದೇ ಸಮಾಧಾನ. ಜೋಳದ ಚೀಲದ ಮುಂದೆ ಕೂತರೆ ಮೇಲಿನ ಕಾಳು ಮುಟ್ಟುವವಳೇ ಅಲ್ಲ. ಮೊಣಕೈ ತನಕ ಕೈ ಇಳಿಸಿ, ತಳದ ಕಾಳು ಎತ್ತಿ, ಹಲ್ಲಿನಲ್ಲಿ ಕಟ್ಟೆಂದು ಕಡಿದು ನೋಡುವಳು. "ಮ್ಯಾಲಿಂದು ನೀ ತೋರಸೂದು, ತಳದ್ದು ನೀ ಮಾರೂದು" ಎಂದು ವ್ಯಾಪಾರಿಗೆ ಹೇಳುತ್ತಿದ್ದಳು. ಮನೆಗೆ ಬಂದ ಗ್ಯಾಸ್ ಸಿಲಿಂಡರನ್ನೂ ಅಲುಗಾಡಿಸಿ ಕಿವಿ ಹಚ್ಚುತ್ತಿದ್ದಳಂತೆ.

ಕಿವಿಯ ಮಾತು ಬಂತು. ಆಕೆಯ ಇಡೀ ಕಸುಬು ಕಿವಿಯಲ್ಲಿತ್ತು.

ಆಕೆಯ ಓಣಿಯಲ್ಲಿ ಏಳೆಂಟು ಮನೆಯ ಹೆಣ್ಣುಮಕ್ಕಳು ಖಡಕ್ ರೊಟ್ಟಿ ಮಾಡಿ ಪಕ್ಕದೂರು ಸಂಶಿಯ ಖಾನಾವಳಿಗೆ, ಹುಬ್ಬಳ್ಳಿಯ ಅಂಗಡಿಗಳಿಗೆ ಕಳಿಸುತ್ತಾರೆ. ಎಲ್ಲರಿಗೂ ಕಲಿಸಿದವಳು ಅವ್ವ. ಕಲಿಸುವ ರೀತಿ ಕೇಳಿದರೆ ನಗು ಬರುತ್ತದೆ. ಹೊಸಬಳನ್ನು ತನ್ನ ಕಡೆಗೆ ಬೆನ್ನು ಮಾಡಿ ಕೂರಿಸುತ್ತಿದ್ದಳು. ನೋಡಬಾರದು. ಬಡಿಯುವ ಸಪ್ಪಳ ಸುಮ್ಮನೆ ಕೇಳಬೇಕು. ಒಂದು ವಾರ ಬರೇ ಕೇಳುವುದು. ಆಮೇಲೆ ಹಿಟ್ಟು ಮುಟ್ಟುವುದು.

"ಕಣ್ಣಿಲೆ ಕಲತಾಕಿ ಕೈ ನೋಡತಾಳ, ರೊಟ್ಟಿ ನೋಡೂದಿಲ್ಲ. ಹಿಟ್ಟು ದಪ್ಪ ಇದ್ದಾಗ ಕೆಳಗಿನ ಹಲಗಿ ಒಂದ ಮಾತಾಡತೈತಿ, ತೆಳ್ಳಗಾದಾಗ ಬ್ಯಾರೆ ಮಾತಾಡತೈತಿ. ಹಲಗಿ ಸಾಕು ಅಂದಾಗ ಕೈ ಎತ್ತಬೇಕು. ಇಲ್ಲಂದ್ರ ಅಂಚು ಸೀಳತೈತಿ."

ತನ್ನ ಪಡಸಾಲೆಯಲ್ಲಿ ಕೂತು ಗೋಡೆಯಾಚೆಯ ಮನೆಯವಳಿಗೆ, "ಏ ಬೇ, ಬಲಗಡಿ ಅಂಚು ದಪ್ಪ ಉಳೀತು!" ಎಂದು ಕೂಗುತ್ತಿದ್ದಳು. ಆಕೆ ಎತ್ತಿ ನೋಡಿದರೆ ಹೌದು, ಬಲಗಡೆಯೇ ದಪ್ಪ. ಇದನ್ನು ನಾನು ಮೊದಲು ನಂಬಲಿಲ್ಲ. ಅತ್ತಿತ್ತಲಿನವರು ಸೇರಿ ಹಬ್ಬಿಸಿದ ಕಥೆ ಎಂದುಕೊಂಡೆ. ಒಮ್ಮೆ ಅವರ ಓಣಿಯಲ್ಲಿ ಸೀಮಂತದ ಫೋಟೋ ತೆಗೆಯುವಾಗ ನನ್ನ ಕಣ್ಣೆದುರೇ ನಡೆಯಿತು. ಆಮೇಲೆ ನಂಬಿದೆ. ನಂಬಿದರೂ, ಗೋಡೆಯಲ್ಲಿ ಎಲ್ಲಾದರೂ ತೂತು ಇದೆಯೇನೋ ಎಂದು ಒಂದು ಸಲ ನೋಡಿ ಬಂದೆ.

ಹೋದ ವರ್ಷ ಒಂದು ಕಂಪನಿಯವರು ನನಗೆ ಫೋನು ಮಾಡಿದರು. ಮಾತಾಡಿದವಳು ಇಂಜಿನಿಯರ್ ಹುಡುಗಿ, ದಕ್ಷಿಣದ ಕಡೆಯ ಮೆತ್ತಗಿನ ಕನ್ನಡ. "ಸರ್, ಕೈಯಲ್ಲಿ ರೊಟ್ಟಿ ತಟ್ಟೋರ ವಿಡಿಯೋ ಬೇಕು. ಮೋಷನ್ ಕ್ಯಾಪ್ಚರ್‌ಗೆ. ಅಂದ್ರೆ ಬೆರಳು, ಮಣಿಕಟ್ಟು, ಮೊಣಕೈ ಯಾವಾಗ ಎಲ್ಲಿರುತ್ತೆ ಅಂತ ಕಂಪ್ಯೂಟರ್ ವಿಡಿಯೋದಿಂದಾನೇ ಗುರುತು ಹಾಕ್ಕೊಳ್ಳುತ್ತೆ. ಚೆನ್ನಾಗಿ ತಟ್ಟೋರು ಯಾರಾದ್ರೂ ಇದಾರಾ?"

"ಗುರುತು ಹಾಕ್ಕೊಂಡು ಏನ ಮಾಡ್ತೀರಿ?" ಎಂದು ಕೇಳಿದೆ. ಹುಡುಗಿ ಸ್ವಲ್ಪ ತಡೆದು, "ರಿಸರ್ಚ್ ಸರ್" ಎಂದಳು. ತಡೆದು ಹೇಳಿದ ಮಾತನ್ನು ನಾನು ನಂಬುವುದಿಲ್ಲ. ಒತ್ತಿ ಕೇಳಿದ ಮೇಲೆ, ಮುಂದೆ ಎಂದಾದರೊಮ್ಮೆ ಒಂದು ಯಂತ್ರಕ್ಕೆ ಕಲಿಸುವ ವಿಚಾರ ಇದೆ ಎಂದು ಒಪ್ಪಿಕೊಂಡಳು. ನಾನು ಒಪ್ಪಿಕೊಂಡೆ. ಕೆಲಸ ಬೇಕಿತ್ತು, ಅದು ಮದುವೆಗಳಿಲ್ಲದ ಆಷಾಢ.

ಅವ್ವನ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಧೈರ್ಯ ಇರಲಿಲ್ಲ, ಆಕೆಯ ಮನೆಗೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವ್ವನ ಸೊಸೆ ಹಂಚಿನ ಮುಂದಿದ್ದಳು. ಅವ್ವ ಹಿಟ್ಟು ನಾದುತ್ತ ಕೇಳಿದಳು.

"ಅಂದ್ರ ನನ್ನ ಕೈ ನೋಡಿ ಮಷೀನು ರೊಟ್ಟಿ ಬಡೀತೈತಿ."

"ಬಡಿಬಹುದು ಅಂತಾರವ್ವಾ."

"ಆಮ್ಯಾಲೆ ನಮ್ಮ ಓಣ್ಯಾನ ಹೆಣ್ಮಕ್ಕಳು ಏನ ಬಡೀಬೇಕು? ಹಣಿ ಹಣಿ ಬಡಕೋಬೇಕನ?"

ನಾನು ಎದ್ದೆ. ಮುಗಿಯಿತು ಎಂದುಕೊಂಡೆ. ಆಕೆ, "ಕುಂದರಲೇ" ಎಂದಳು. ಹಿಟ್ಟನ್ನು ಇನ್ನೊಂದು ಸುತ್ತು ನಾದಿದಳು.

"ನಾ ಒಲ್ಲೆ ಅಂದ್ರ ನೀ ಇನ್ನೊಬ್ಬಾಕಿ ಹಂತ್ಯಾಕ ಹೋಗ್ತಿ. ಆಕಿ ಹುಚ್ಚಿ, ಎಲ್ಲಾ ಕೊಟ್ಟ ಬಿಡತಾಳ. ಅದಕ್ಕ ನಾನ ಕೂಡತೀನಿ. ಆದ್ರ ಒಂದ ಮಾತು. ಕಣ್ಣಿಗೆ ಕಂಡದ್ದು ಒಯ್ಯಲಿ. ಕಿವಿಗೆ ಕೇಳಿದ್ದು ಒಯ್ಯಬಾರದು. ನಿನ್ನ ಕ್ಯಾಮೆರಾ ಕಿವುಡ ಇರಬೇಕು."

ಸೊಸೆ ತಿರುಗಿ ನೋಡಿದಳು. ನನಗೂ ಆಗ ಅವ್ವನ ಲೆಕ್ಕಾಚಾರ ಹೊಳೆಯಿತು. ಕೈ ಕೊಟ್ಟು ಕಸುಬು ಉಳಿಸಿಕೊಳ್ಳುವ ಉಪಾಯ. ಕಂಪನಿಗೆ ಹೇಗೂ ಧ್ವನಿ ಬೇಕಿರಲಿಲ್ಲ, ಆ ಹುಡುಗಿಯೇ ಹೇಳಿದ್ದಳು. "ಆತವ್ವಾ, ಕಿವುಡನ ಇರತೈತಿ" ಎಂದೆ.

"ಮಾತು ಕೊಟ್ಟಿ?"

"ಕೊಟ್ಟೆ."

ಮೊದಲನೆಯ ದಿನ ಅಡುಗೆಮನೆಯಲ್ಲೇ ತೆಗೆದೆ. ನಾನು ಮದುವೆಯ ಮನುಷ್ಯ, ಮದುವೆಯ ಹಾಗೇ ತೆಗೆದೆ. ಎಲ್ಲ ಆಟೋ, ಕ್ಯಾಮೆರಾ ತಾನೇ ಹೊಂದಿಸಿಕೊಳ್ಳಲಿ ಎಂದು. ಒಲೆಯ ಉರಿಯಿಂದ ಶುರುಮಾಡಿ ಅವ್ವನ ಮುಖಕ್ಕೆ ಏರಿಸಿ, ಅಲ್ಲಿಂದ ಮೆಲ್ಲಗೆ ಕೈಗೆ ಇಳಿಸಿ, ರೊಟ್ಟಿ ಹಂಚಿಗೆ ಬಿದ್ದಾಗ ಸೊಸೆಯ ಬಳೆಗೆ ಝೂಮ್ ಹೊಡೆದೆ. ಇನ್ನೊಂದು ಕ್ಯಾಮೆರಾ ಗೆಳೆಯನಿಂದ ಇಸಿದುಕೊಂಡು ಬಂದದ್ದು, ಅದನ್ನು ಬಾಜುವಿಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದೆ. ಎರಡೂ ಓಡತೊಡಗಿದ ಮೇಲೆ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದೆ.

ಇದು ನಮ್ಮ ದಂಧೆಯ ರೂಢಿ. ಎರಡು ಕ್ಯಾಮೆರಾಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸುವಾಗ ಎರಡರಲ್ಲೂ ಚಪ್ಪಾಳೆಯ ಸದ್ದು ಹುಡುಕಿ ಒಂದರ ಕೆಳಗೊಂದು ಹೊಂದಿಸಿದರೆ ಚಿತ್ರ ಕೂದಲೆಳೆಯಷ್ಟೂ ಹಿಂದೆ ಮುಂದೆ ಆಗುವುದಿಲ್ಲ. ಅಂದರೆ ಧ್ವನಿ ಹಾಕಿಯೇ ಇಟ್ಟಿದ್ದೆ. ಮಾತು ಕೊಟ್ಟವನು ಯಾಕೆ ಹಾಗೆ ಮಾಡಿದೆ? ಚಪ್ಪಾಳೆಯ ಸಲುವಾಗಿ ಮಾತ್ರ, ಆಮೇಲೆ ಅಳಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ಖರೆ. ಇನ್ನರ್ಧ ಏನೆಂದರೆ, ಆಕೆ ಅಷ್ಟು ಕಾವಲು ಕಾಯುವ ವಸ್ತುವಿನದು ನನ್ನ ಹತ್ತಿರವೂ ಒಂದು ಪ್ರತಿ ಇರಲಿ ಎನ್ನಿಸಿತು. ಕಳ್ಳ ಎಂದು ಕರೆಸಿಕೊಂಡು ಕರೆಸಿಕೊಂಡು ಮನುಷ್ಯ ಕಳ್ಳನೇ ಆಗುತ್ತಾನೋ ಏನೋ.

ಅವ್ವ ಉಂಡೆ ಮಾಡುತ್ತ ತಲೆ ಎತ್ತಿದಳು. "ಚಪ್ಪಾಳಿ ಯಾಕ ಹೊಡದಿ?"

"ಎರಡೂ ಕ್ಯಾಮೆರಾಕ್ಕ ಗೊತ್ತಾಗಲೆಂತವ್ವಾ. ಕೈ ಕೈ ಕೂಡೂದು ಎರಡರಾಗೂ ಕಾಣಸತೈತಿ."

"ಹಂಗೇನ?" ಎಂದಳು. ಅಷ್ಟೇ. ಹಲಗೆಯ ಮೇಲೆ ಹಿಟ್ಟು ಹರವಿ ಬಡಿಯತೊಡಗಿದಳು. ಹತ್ತು ಹದಿನೈದು ರೊಟ್ಟಿ ಬಡಿದಳು. ನಾನು ಪರದೆಯ ಮೇಲೆ ಕಣ್ಣಿಟ್ಟು, ಚೌಕಟ್ಟಿನಿಂದ ಕೈ ಹೊರಗೆ ಹೋಗದ ಹಾಗೆ ನೋಡಿಕೊಂಡೆ. ಕೆಲಸ ಚಲೋ ಆಯಿತು ಎಂದುಕೊಂಡು ಆ ದಿನವೇ ಧ್ವನಿ ತೆಗೆದು ಒಂದು ತುಣುಕು ಕಳಿಸಿದೆ.

ಒಂದು ತಾಸಿನಲ್ಲಿ ಹುಡುಗಿಯ ಫೋನು. "ಸರ್, ಬೇಜಾರು ಮಾಡ್ಕೋಬೇಡಿ. ಇದು ಉಪಯೋಗ ಇಲ್ಲ. ನಿಲ್ಲಿಸಿ ಒಂದೊಂದೇ ಚಿತ್ರ ನೋಡಿ, ಹತ್ತು ಬೆರಳಿರೋ ಕಡೆ ಇಪ್ಪತ್ತು ಕಾಣ್ತಿದೆ."

ನೋಡಿದೆ. ನಿಜ. ಓಡುವಾಗ ಚಂದ ಕಾಣುತ್ತಿದ್ದ ಕೈ, ನಿಲ್ಲಿಸಿದರೆ ಬರೇ ಬಿಳಿ ಮಬ್ಬು, ಹಿಟ್ಟು ತೂರಿದ ಹಾಗೆ. ಮದುವೆಯಲ್ಲಿ ಯಾರೂ ನಿಲ್ಲಿಸಿ ನೋಡುವುದಿಲ್ಲ. ಮೋಷನ್ ಕ್ಯಾಪ್ಚರ್ ಎಂಬುದು ನಿಲ್ಲಿಸಿ ನಿಲ್ಲಿಸಿ ನೋಡುವ ಕೆಲಸ. ಅವ್ವ ಜೋಳ ನೋಡಿದ ಹಾಗೆ ತಳದಿಂದ ಕಾಳು ಎತ್ತಿ ಕಡಿದು ನೋಡುವುದು.

ಹುಡುಗಿ ಪಟ್ಟಿ ಹೇಳಿದಳು, ನಾನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಸೆಕೆಂಡಿಗೆ ಇಪ್ಪತ್ತೈದಲ್ಲ, ಅರವತ್ತು ಚಿತ್ರ. ಕ್ಯಾಮೆರಾದ ಕಣ್ಣು ತೆರೆದು ಮುಚ್ಚುವ ಶಟರ್ ಸೆಕೆಂಡಿನ ಐವತ್ತನೇ ಪಾಲಲ್ಲ, ಸಾವಿರನೇ ಪಾಲು, ಆಗ ಕೈ ಎಷ್ಟೇ ಜೋರಾಗಿ ಓಡಲಿ ಕಲ್ಲಿನ ಹಾಗೆ ನಿಂತು ಕಾಣುತ್ತದೆ. ಫೋಕಸ್ಸು, ಬೆಳಕು, ಬಣ್ಣ ಎಲ್ಲ ಒಮ್ಮೆ ಹೊಂದಿಸಿ ಕೀಲಿ ಹಾಕಬೇಕು, ಆಟೋ ಕೂಡದು. ಝೂಮ್ ಕೂಡದು. ಕ್ಯಾಮೆರಾ ಅಲುಗಬಾರದು. ನುಣುಪು ಮಾಡುವ ಚಟ ಬಂದ್. ಮೊಣಕೈಯಿಂದ ಬೆರಳ ತುದಿ ತನಕ ಯಾವಾಗಲೂ ಚೌಕಟ್ಟಿನೊಳಗೆ ಇರಬೇಕು. ನನ್ನ ಇಷ್ಟು ವರ್ಷಗಳ ಕಲೆಯನ್ನೆಲ್ಲ ಒಂದೊಂದಾಗಿ ಬಂದ್ ಮಾಡಿದಳು ಹುಡುಗಿ.

ಸಿಟ್ಟಿಗೆ ಮೊದಲ ದಿನದ್ದನ್ನೆಲ್ಲ ಅಳಿಸಿಹಾಕಿದೆ. ಎರಡೂ ಕಾರ್ಡು ಖಾಲಿ, ಕಂಪ್ಯೂಟರಿಗೆ ಇಳಿಸಿಕೊಂಡದ್ದೂ ಹೋಯಿತು. ಕೆಟ್ಟ ಕೆಲಸದ ಗುರುತು ಉಳಿಸಿಕೊಳ್ಳಬಾರದು ಎಂಬುದು ನಮ್ಮ ದಂಧೆಯ ಇನ್ನೊಂದು ರೂಢಿ.

ಎರಡನೆಯ ದಿನ ಅಡುಗೆಮನೆಯಲ್ಲಿ ಶಟರ್ ಏರಿಸಿದರೆ ಎಲ್ಲ ಕತ್ತಲು. ಟ್ಯೂಬ್‌ಲೈಟ್ ಹಚ್ಚಿದರೆ ಚಿತ್ರದ ತುಂಬ ಕರಿ ಪಟ್ಟಿ ಸರಿದಾಡತೊಡಗಿದವು. ನಮ್ಮ ಕಣ್ಣಿಗೆ ಕಾಣದ ಬೆಳಕಿನ ನಡುಕ ಶಟರಿನ ಆ ವೇಗಕ್ಕೆ ಕಾಣಿಸುತ್ತದೆ. ಬಿಸಿಲೇ ಗತಿ, ಪುಣ್ಯಕ್ಕೆ ಆ ವಾರ ಮಳೆ ಬಿಡುವು ಕೊಟ್ಟಿತ್ತು. ಹಿತ್ತಲಿಗೆ ಹೋಗೂಣು ಎಂದೆ. ಅವ್ವ ಗೊಣಗಲಿಲ್ಲ. ಅಲ್ಲೇ ನನಗೆ ಸಂಶಯ ಬರಬೇಕಿತ್ತು. ಸೊಸೆಗೆ ಮೂರು ಕಲ್ಲಿನ ಒಲೆ ಹೂಡಲು ಹೇಳಿ, ತಾನೇ ಒಂದು ಗೋಣಿಚೀಲ ನಾಲ್ಕು ಮಡಿಕೆ ಮಾಡಿ, ನೀರು ಚಿಮುಕಿಸಿ, ಹಲಗೆಯ ಕೆಳಗೆ ಹಾಸಿದಳು.

"ಅದ್ಯಾಕವ್ವಾ?"

"ನೆಲ ಏರು ತಗ್ಗು ಐತಿ. ಹಲಗಿ ಅಳ್ಳಾಡತೈತಿ."

ಸರಿಯೇ ಅನ್ನಿಸಿತು. ಹಲಗೆ ಅಲುಗದಿದ್ದರೆ ನನಗೂ ಚಲೋ.

ಆ ದಿನ ಅವ್ವನ ಬಾಯಿಂದ ಬೈಗುಳ ತಿಂದಷ್ಟು ಎಂದೂ ತಿಂದಿಲ್ಲ. ಹಿಂದುಗಡೆ ಕಪ್ಪು ಕಂಬಳಿ ಕಟ್ಟಿದೆ, ಬಿಳಿ ಹಿಟ್ಟಿನ ಕೈ ಎದ್ದು ಕಾಣಲಿ ಎಂದು. "ನನ್ನ ಹಿಂದ ಕರಿ ಅರಿವಿ ಕಟ್ಟಾಕ ನಾ ಏನ ಸತ್ತೀನಿ?" ಎಂದಳು. ಬೆರಳ ಗಿಣ್ಣಿಗೆ ಚುಕ್ಕೆ ಅಂಟಿಸಿದರೆ ಕಂಪ್ಯೂಟರಿಗೆ ಸಲೀಸು ಎಂದು ಹುಡುಗಿ ಹೇಳಿದ್ದಳು. ಊರಲ್ಲಿ ಅಂಥ ಚುಕ್ಕೆ ಎಲ್ಲಿ ಸಿಗಬೇಕು? ಸೊಸೆ ಹಣೆಗೆ ಅಂಟಿಸಿಕೊಳ್ಳುವ ಟಿಕಳಿಯ ಪಾಕೀಟು ಇಸಿದುಕೊಂಡು, ಕರಿ ಟಿಕಳಿ ಕಿತ್ತು ಅವ್ವನ ಬೆರಳಿಗೆ ಹಚ್ಚಲು ಹೋದೆ. ಅವ್ವ ಕೈ ಜಗ್ಗಿಕೊಂಡಳು.

"ಗಂಡ ಸತ್ತು ಇಪ್ಪತ್ತ ವರ್ಷ ಆತು. ಹಣಿ ಮ್ಯಾಲೆ ಇಲ್ಲದ್ದನ್ನ ಬೆರಳಿಗೆ ಹಚ್ಚತೀಯೇನ ಭಾಡ್ಯಾ?"

ಸೊಸೆ ಮುಖ ಆ ಕಡೆ ತಿರುಗಿಸಿಕೊಂಡಳು. ಅವ್ವ ನನ್ನನ್ನೊಮ್ಮೆ, ಟಿಕಳಿಯನ್ನೊಮ್ಮೆ ನೋಡಿ, ಪಕ್ಕನೆ ನಕ್ಕು, "ಹಚ್ಚು ಹಚ್ಚು, ಬೆರಳಿಗೇನ ಗೊತ್ತು ಗಂಡ ಇದ್ದದ್ದು ಸತ್ತದ್ದು" ಎಂದು ಕೈ ಚಾಚಿದಳು. ಹತ್ತು ಬೆರಳಿಗೂ ಹಚ್ಚಿದೆ. ಎರಡನೇ ರೊಟ್ಟಿಗೇ ಎಲ್ಲ ಹಿಟ್ಟಿನೊಳಗೆ ಹೋದವು. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ರೊಟ್ಟಿಯಲ್ಲಿ ಎರಡು ಟಿಕಳಿ ಸಿಕ್ಕವು. "ತಿನ್ನು, ನಿಂದ ಗಂಟು" ಎಂದಳು.

ಟಿಕಳಿ ಬಿಟ್ಟು, ಬಿಸಿಲಿನಲ್ಲಿ ಶಟರ್ ಏರಿಸಿ, ಎಲ್ಲದಕ್ಕೂ ಕೀಲಿ ಹಾಕಿ, ಮೂರು ದಿನ ತೆಗೆದೆ. ದಿನಾ ಶುರುವಿಗೆ ಚಪ್ಪಾಳೆ ಹೊಡೆದೆ. ಅವ್ವ ಅದರ ಬಗ್ಗೆ ಮತ್ತೆ ಕೇಳಲಿಲ್ಲ. ನಾನು ಚಪ್ಪಾಳೆ ಹೊಡೆಯುವಾಗಲೆಲ್ಲ ಹಿಟ್ಟು ನೋಡದೆ ನನ್ನ ಮುಖ ನೋಡುತ್ತಿದ್ದಳು. ನನಗೆ ಬೇರೆಯೇ ಗುಮಾನಿ. ಈಕೆ ಬೇಕಂತಲೇ ಕೈ ತಪ್ಪಿಸಿ ಬಡಿಯುತ್ತಿದ್ದಾಳೆಯೇ? ಮಷೀನಿಗೆ ತಪ್ಪು ಪಾಠ ಹೇಳುತ್ತಿದ್ದಾಳೆಯೇ? ಹಂಚಿಗೆ ಬಿದ್ದ ರೊಟ್ಟಿಗಳನ್ನು ಎಣಿಸಿ ನೋಡಿದೆ, ಒಂದೂ ಸೀಳಿರಲಿಲ್ಲ, ಎಲ್ಲವೂ ಉಬ್ಬಿದ್ದವು. ಕೈ ಖರೇನೇ ಕೊಟ್ಟಿದ್ದಳು. ಸುಮ್ಮನೆ ಅನುಮಾನಪಟ್ಟೆ ಎಂದು ನಾಚಿಕೆಯಾಯಿತು.

ಕಂಪನಿಗೆ ಕಳಿಸುವಾಗ ಧ್ವನಿ ತೆಗೆದೇ ಕಳಿಸಿದೆ. ಅಷ್ಟರ ಮಟ್ಟಿಗೆ ಮಾತು ಉಳಿಸಿಕೊಂಡೆ. ಧ್ವನಿ ಇದ್ದ ಪ್ರತಿ ನನ್ನ ಕಂಪ್ಯೂಟರಿನಲ್ಲಿ ಉಳಿಯಿತು.

ಹುಡುಗಿ ಖುಷಿಯಾಗಿ ಒಂದು ತುಣುಕು ವಾಪಸು ಕಳಿಸಿದಳು. ಅದನ್ನು ಅವ್ವನಿಗೆ ತೋರಿಸಲು ಲ್ಯಾಪ್‌ಟಾಪ್ ಒಯ್ದೆ. ಮೊದಲು ನಮ್ಮ ವಿಡಿಯೋ ತೋರಿಸಿದೆ, ಸದ್ದು ಪೂರ್ತಿ ಇಳಿಸಿ. ನಡುವೆ ನಿಲ್ಲಿಸಿದೆ. ಅಂಗೈಯ ಗೆರೆ, ಉಗುರಿನ ಸಂದಿಯ ಹಿಟ್ಟು, ಎಲ್ಲ ಸ್ಪಷ್ಟ. ಅವ್ವ ಮುಂದೆ ಬಗ್ಗಿದಳು. ತನ್ನ ಬಲಗೈ ಎತ್ತಿ ಪರದೆಯ ಪಕ್ಕಕ್ಕೆ ಹಿಡಿದು ತಾಳೆ ನೋಡಿದಳು.

"ಕಿರಿಬೆರಳು ಇಷ್ಟು ಸೊಟ್ಟ ಆಗೈತೇನ?" ಎಂದಳು ಸೊಸೆಯ ಕಡೆ ನೋಡಿ. "ದಿನಾ ಬಡಿಯೂ ಕೈ, ನೋಡಿಕೊಂಡಿದ್ದ ಇಲ್ಲ ನೋಡು."

ನಾನು ಮಾತು ತಪ್ಪಿಸಲು ಹುಡುಗಿಯ ತುಣುಕು ಹಚ್ಚಿದೆ. ಅದರಲ್ಲಿ ಕೈಯೇ ಇರಲಿಲ್ಲ. ಬರೇ ಗೆರೆ, ಚುಕ್ಕೆ. ಗೆರೆಗಳ ಎರಡು ಕೈ ಕಪ್ಪು ಬಯಲಿನಲ್ಲಿ ಇಲ್ಲದ ರೊಟ್ಟಿ ಬಡಿಯುತ್ತಿದ್ದವು. ಕಿರಿಬೆರಳಿನ ಗೆರೆ ಕೂಡ ಸೊಟ್ಟವೇ.

"ಯಪ್ಪಾ, ಎಲುಬು! ಸತ್ತ ಮ್ಯಾಲೆ ಹಿಂಗ ಕಾಣತೀನನ?" ಎಂದು ಅವ್ವ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಸಪ್ಪಳ?" ಎಂದಳು.

"ಇಲ್ಲವ್ವಾ."

"ನಿನ್ನ ಹಂತ್ಯಾಕೂ ಇಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ಲ್ಯಾಪ್‌ಟಾಪಿನ ಮೇಲೆ ಹೋಗಿ ಅದನ್ನು ಮುಚ್ಚಿತು. "ಇಲ್ಲವ್ವಾ" ಎಂದೆ.

"ಹಂಗಾದ್ರ ಮಷೀನು ರೊಟ್ಟಿ ಬಡಿಯೂದಿಲ್ಲ, ಗಾಳಿ ಬಡೀತೈತಿ. ಬಡೀಲಿ ಬಿಡು" ಎಂದು ಎದ್ದು ಒಳಗೆ ಹೋದಳು. ಗೆದ್ದವರ ನಡಿಗೆ ಅದು. ಈಕೆಗೆ ಮೋಸಮಾಡಿದೆನಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಆದರೂ ಅಳಿಸಲಿಲ್ಲ.

ಈ ಸಲದ ಚಳಿಗಾಲದ ಕೊನೆಗೆ ಅವ್ವ ತೀರಿಕೊಂಡಳು. ಎರಡು ದಿನ ಜ್ವರ, ಮೂರನೇ ದಿನ ಇಲ್ಲ. ಆಸ್ಪತ್ರೆಯಲ್ಲಿ ಸಲೈನ್ ಬಾಟಲಿಯನ್ನೂ ಬೆಳಕಿಗೆ ಹಿಡಿದು ತೋರಿಸೆಂದು ನರ್ಸಮ್ಮನಿಗೆ ಗಂಟುಬಿದ್ದಿದ್ದಳಂತೆ. ಸಮಾಧಿಗೆ ನಾನೂ ಹೋಗಿದ್ದೆ. ಗೋಡೆಯ ಮೇಲೆ ಇಡಲು ಫೋಟೋ ಕೇಳಿದರು. ರೇಶನ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಕೊಟ್ಟೆ, ಮಚ್ಚೆ ಇದ್ದದ್ದು.

ಮೊನ್ನೆ ಸಂತೆಯ ದಿನ ಸೊಸೆ ಸ್ಟುಡಿಯೋಕ್ಕೆ ಬಂದಳು. ಕೂಡ್ರಿ ಅಂದರೂ ಕೂಡಲಿಲ್ಲ.

"ಕಾಕಾರ, ಒಂದ ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಅತ್ತಿ ರೊಟ್ಟಿ ಸಪ್ಪಳ ನಿಮ್ಮ ಹಂತ್ಯಾಕ ಐತೇನ್ರಿ?"

ನಾನು ಮೇಜಿನ ಧೂಳು ಒರೆಸಿದೆ. ಯಾಕೆ ಕೇಳುತ್ತಿದ್ದಾಳೆ? ಅವ್ವನೇ ಕಳಿಸಿದ್ದಾಳೇನೋ ಎಂದು ಒಂದು ಕ್ಷಣ ಹೆದರಿಕೆಯಾದದ್ದು ನಿಜ.

"ಓಣ್ಯಾಗ ಎಲ್ಲಾರ ರೊಟ್ಟಿನೂ ಅಂಚು ಸೀಳಾಕ ಹತ್ತ್ಯಾವ್ರಿ. ಗ್ವಾಡಿ ಈಚಿಲಿಂದ ಒದರಿ ಹೇಳಾವರು ಇಲ್ಲ. ಸಂಶಿ ಖಾನಾವಳ್ಯಾವರು ಎರಡ ಸಲ ಹೊಳ್ಳಿ ಕಳಿಸಿದ್ರು, ಇನ್ನೊಂದ ಸಲ ಹಿಂಗಾದ್ರ ಬ್ಯಾರೆ ಊರಿಂದ ತರಸತೀವಿ ಅಂದಾರ. ನಾ ಯಾವಾಗಲೂ ಹಂಚಿನ ಮುಂದ ಇದ್ದಾಕಿ, ನನ್ನ ಕಿವಿ ಹಂಚಿನ ಮ್ಯಾಲೆ. ಅತ್ತಿ ಅದಾರಲ್ಲಾ, ಕೇಳೂದ ಏನೈತಿ ಅಂತ ಬಿಟ್ಟೆ. ದಿನಾ ಕೇಳಿದ್ದು ಖರೇ, ಈಗ ನೆನಪ ಮಾಡಕೊಂಡ್ರ ಬರವಲ್ದು."

ಆಕೆಯ ಕಣ್ಣು ತುಂಬಿತ್ತು. ನನಗೆ ಎದೆಯಲ್ಲಿ ಒಂದು ಬಗೆಯ ಹಗುರ. ನನ್ನ ಕಳ್ಳತನಕ್ಕೂ ಒಂದು ಪುಣ್ಯ ಬಂತಲ್ಲ ಎಂದು. "ಐತವ್ವಾ" ಎಂದೆ. "ತಪ್ಪ ಮಾಡೀನಿ, ಆದ್ರ ಐತಿ."

ಕಂಪ್ಯೂಟರ್ ಹಚ್ಚಿ, ಹೆಡ್‌ಫೋನು ಕೊಟ್ಟೆ. ಆಕೆ ಪರದೆಗೆ ಬೆನ್ನು ಮಾಡಿ ಕೂತಳು. ಅತ್ತೆ ಕಲಿಸಿದ ಹಾಗೆ. ಕಣ್ಣು ಮುಚ್ಚಿದಳು. ಹಿಂದೆ ಪರದೆಯ ಮೇಲೆ ಅವ್ವನ ಕೈ ಬಿಸಿಲಿನಲ್ಲಿ ಬಡಿಯುತ್ತಿತ್ತು, ಒಂದೊಂದು ಬೆರಳೂ ಬೇರೆ ಬೇರೆ, ಸಾವಿರನೇ ಪಾಲಿನ ಶಟರ್, ಎಲ್ಲೂ ಮಬ್ಬಿಲ್ಲ.

ಅರ್ಧ ರೊಟ್ಟಿಗೆ ಆಕೆ ಹೆಡ್‌ಫೋನು ತೆಗೆದಳು. "ಇದಲ್ರಿ."

"ಇದ ಅವ್ವಂದ ಕೈ, ಇಲ್ಲೆ ನೋಡು."

"ಕೈ ಅವರದ ಐತ್ರಿ. ಸಪ್ಪಳ ಗೋಣಿಚೀಲದ್ದು." ಆಕೆ ಅಳುತ್ತಲೇ ನಕ್ಕಳು. "ಮೊದಲನೇ ದಿನ ಸಂಜಿಮುಂದ ಅತ್ತಿ ನನಗ ಅಂದ್ರು: ಕಿವುಡ ಕ್ಯಾಮೆರಾಕ್ಕ ಚಪ್ಪಾಳಿ ಹೊಡೀಲಿಕ್ಕೆ ಅವಗ ಹುಚ್ಚ ಹಿಡದೈತೇನ? ಅದಕ್ಕ ಕಿವಿ ಐತಿ. ನಾಳಿಂದ ಹಲಗಿ ಕೆಳಗ ಗೋಣಿಚೀಲ ಹಾಸತೀನಿ. ಒಯ್ಯಲಿ ಮಚ್ಚಿ ಕಳ್ಳ, ಚೀಲದ ಸಪ್ಪಳ ಒಯ್ಯಲಿ, ಅಂತ."

ನಾನು ಕುರ್ಚಿಯಲ್ಲಿ ಕೂತೆ. ಹಿತ್ತಲ ನೆಲ, ಏರು ತಗ್ಗು, ನೀರು ಚಿಮುಕಿಸಿ ನಾಲ್ಕು ಮಡಿಕೆ ಮಾಡಿ ಹಾಸಿದ ಚೀಲ, ನನ್ನ ಮುಖ ನೋಡುತ್ತಿದ್ದ ಆ ಕಣ್ಣು, ಎಲ್ಲ ಒಟ್ಟಿಗೇ ನೆನಪಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು, ಅವ್ವ ಮೊದಲೇ ಹಾಲಿಗೆ ನೀರು ಬೆರೆಸಿಟ್ಟಿದ್ದಳು.

ಸೊಸೆ ಕಣ್ಣೊರೆಸಿಕೊಂಡು ಮುಂದೆ ಬಗ್ಗಿದಳು. "ಮೊದಲನೇ ದಿನದ್ದು ಹಾಕ್ರಿ ಕಾಕಾರ. ಅವತ್ತ ಚೀಲ ಇರಲಿಲ್ಲ. ಅಡಗಿಮನ್ಯಾಗ ತಗದ್ರೆಲ್ಲಾ, ಅದು ಖರೇ ಸಪ್ಪಳ."

ನಾನು ಮೌಸಿನ ಮೇಲಿನ ಕೈ ತೆಗೆದೆ.

"ಐತೆಲ್ಲರಿ?"

"ಅಳಿಸೀನಿ."

"ಯಾಕ್ರಿ?"

"ಚಿತ್ರ ಮಬ್ಬಾಗಿತ್ತು" ಎಂದೆ.

ಆಕೆ 'ಮಬ್ಬಾಗಿತ್ತು' ಎಂಬ ಮಾತು ಅರ್ಥವಾಗದವಳ ಹಾಗೆ ನೋಡಿ ಎದ್ದಳು. ಹೊರಗೆ ಉಳ್ಳಾಗಡ್ಡಿ ಮಾರುವವನ ಕೂಗು. ಬಾಗಿಲ ತನಕ ಹೋದವಳು ಏನೋ ನೆನೆದು ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚಲೋ ಇತ್ತು.

"ನೀವಂತೂ ಅವತ್ತ ಅವರ ಮುಂದ ಕುಂತಿದ್ರೆಲ್ಲಾ ಕಾಕಾರ, ಒಂದ ಮೊಳ ದೂರದಾಗ. ಹದಿನೈದ ರೊಟ್ಟಿ ಬಡದ್ರು. ಕಡೀಕ ಕೈ ಎತ್ತೂ ಮುಂದ ಸಪ್ಪಳ ಹೆಂಗ ಆಗ್ತಿತ್ತು? ಅಷ್ಟರ ಹೇಳ್ರಿ."

ನಾನು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದೆ. ಒಲೆಯ ಉರಿ ಕಂಡಿತು. ಸೊಸೆಯ ಬಳೆ, ಚೌಕಟ್ಟಿನ ಅಂಚು, ಅಂಚಿಗೆ ಬಂದು ಬಂದು ಹೋಗುವ ಬಿಳಿ ಕೈ, ಎಲ್ಲ ಕಂಡವು.

"ನಾ ಪರದೆ ನೋಡಾಕ ಹತ್ತಿದ್ನವ್ವಾ" ಎಂದೆ.